ರಾಷ್ಟ್ರೀಯ ಉದ್ಯಾನಗಳೊಳಗಿನ ಹಳೆಯ ಕಟ್ಟಡಗಳು: ಎಲ್ಲಿಗೆ ಹೋಗಬಹುದು?

ಪ್ರಶ್ನೆ (ದಾವಣಗೆರೆ): ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಲೆಕ್ಕವಿಲ್ಲದಷ್ಟು ಬಾರಿ ಸುತ್ತಿರುವ ನಮ್ಮ ಮನೆಯವರು, ಈ ದಸರಾ ರಜೆಯಲ್ಲಿ ಕಾಡು ಮತ್ತು ಇತಿಹಾಸ ಎರಡೂ ಒಂದೇ ಕಡೆ ಸಿಗುವ ರಾಷ್ಟ್ರೀಯ ಉದ್ಯಾನವೊಂದನ್ನು ನೋಡಬೇಕೆಂದಿದ್ದಾರೆ. ಜೊತೆಗೆ ಬರುವ ಅತ್ತೆಯವರಿಗೆ ಮಂಡಿನೋವು. ತಿಳಿದವರು ದಯವಿಟ್ಟು ಸೂಚಿಸಿ.

ಉತ್ತರ 1 (ಚಿತ್ರದುರ್ಗ): ದೂರವಾದರೂ ಅಡ್ಡಿಯಿಲ್ಲವೆಂದರೆ ರಾಜಸ್ಥಾನದ ರಣಥಂಬೋರ್‌ಗೆ ಹೋಗಿ. 1301ರಲ್ಲಿ ಚೌಹಾಣ ದೊರೆ ಹಮ್ಮೀರದೇವನಿಂದ ಅಲಾವುದ್ದೀನ್ ಖಿಲ್ಜಿ ಗೆದ್ದುಕೊಂಡ, 2013ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗಿರಿದುರ್ಗವು ಹುಲಿಗಳ ಕಾಡಿನ ನಡುವೆಯೇ ನಿಂತಿದೆ. ಮೇಲೆ ತ್ರಿನೇತ್ರ ಗಣೇಶನ ಗುಡಿಯಿದ್ದು, ಭಕ್ತರು ನಿತ್ಯವೂ ಬರುತ್ತಾರೆ. ಕೋಟೆಗೆ ಸಫಾರಿ ಟಿಕೆಟ್ ಬೇಕಿಲ್ಲ. ಕೆಳಗೆ ಪದಮ್ ತಾಲಾಬ್ ಎಂಬ ಕೆರೆಯ ದಡದಲ್ಲಿರುವ ಹಳೆಯ ವಿಶ್ರಾಂತಿಗೃಹ ಜೋಗಿ ಮಹಲ್ ಮಾತ್ರ ಸಫಾರಿಯ ಹಾದಿಯಲ್ಲಿ ಕಾಣುವಂಥದ್ದು. ನಮ್ಮ ದುರ್ಗದವರಿಗೆ ಕಲ್ಲಿನ ಕೋಟೆ ಹೊಸದಲ್ಲ, ಆದರೆ ಬುರುಜಿನಿಂದ ಕಾಡನ್ನು ನೋಡುವ ಅನುಭವವೇ ಬೇರೆ.

ಉತ್ತರ 2 (ಹರಿಹರ): ರಣಥಂಬೋರ್ ಕೋಟೆಗೆ ಹತ್ತಬೇಕಾದ ಅಷ್ಟೊಂದು ಮೆಟ್ಟಿಲು ಅತ್ತೆಯವರಿಗೆ ಕಷ್ಟವಾದೀತು. ಬಂಡೀಪುರ ರಾಷ್ಟ್ರೀಯ ಉದ್ಯಾನದೊಳಗೆ 1,454 ಮೀಟರ್ ಎತ್ತರದಲ್ಲಿರುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಸ್ಥಾನವೇ ಒಳ್ಳೆಯದು. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು.

ಉತ್ತರ 3 (ಚಿತ್ರದುರ್ಗ): ರಾಷ್ಟ್ರೀಯ ಉದ್ಯಾನವೇ ಆಗಬೇಕೆಂಬ ಹಟವಿಲ್ಲದಿದ್ದರೆ, ವನ್ಯಜೀವಿಧಾಮವಾಗಿರುವ ನಮ್ಮ ಜೋಗಿಮಟ್ಟಿಯನ್ನೂ ಅದರ ಹತ್ತಿರದ ಚಂದ್ರವಳ್ಳಿಯನ್ನೂ ಒಂದೇ ದಿನ ನೋಡಬಹುದು. ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದೂ ಅಲ್ಲಿಯೇ. ಅಲ್ಲಿನ ಅಂಕಲಿ ಮಠದ ಗುಹೆಗಳಿಗೆ ಇಳಿಯುವಾಗ ಅತ್ತೆಯವರು ಹೊರಗೆ ಕೆರೆಯ ದಂಡೆಯಲ್ಲಿ ಕುಳಿತಿರಲಿ, ಒಳಗೆ ಕತ್ತಲೆ ಹೆಚ್ಚು.