ಸಹಾಯ ಬೇಕು: ಎಐ ಚಿತ್ರ ಕೊನೆಯ ಗಳಿಗೆಯಲ್ಲಿ ಪೂರ್ತಿ ಕಪ್ಪಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಕಂಪ್ಯೂಟರಿನಲ್ಲೇ ಬರಹದಿಂದ ಚಿತ್ರ ರಚಿಸುವ ಎಸ್‌ಡಿಎಕ್ಸ್‌ಎಲ್ ಮಾಡೆಲ್ ಹಾಕಿಕೊಂಡು ಚಿತ್ರ ಮಾಡುತ್ತಿದ್ದೇನೆ, ಗ್ರಾಫಿಕ್ಸ್ ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಇದೆ. ತೊಂದರೆ ಏನಂದ್ರೆ, ಪ್ರಿವ್ಯೂನಲ್ಲಿ ಚಿತ್ರ ಚೆನ್ನಾಗಿಯೇ ಮೂಡಿಬರುತ್ತದೆ, ಮುಖ, ಬಟ್ಟೆಯ ಮಡಿಕೆ, ಹಿಂದಿನ ಗೋಡೆ ಎಲ್ಲಾ ಕಾಣಿಸುತ್ತದೆ, ಆದರೆ ಕೊನೆಯ ಸ್ಟೆಪ್ ಮುಗಿದು ಫೈಲ್ ಸೇವ್ ಆಗುವ ಹೊತ್ತಿಗೆ ಬರೀ ಕಪ್ಪು ಚೌಕ. ಎರರ್ ಕೂಡ ತೋರಿಸುವುದಿಲ್ಲ.

ಹುಡುಕಿದಾಗ ಗೊತ್ತಾಗಿದ್ದು, ವಿಎಇ ಅನ್ನೋ ಭಾಗ, ಅಂದರೆ ಮಾಡೆಲಿನ ಒಳಲೆಕ್ಕವನ್ನು ಬಣ್ಣದ ಚಿತ್ರವಾಗಿ ಬಿಡಿಸುವ ಭಾಗ, 16 ಬಿಟ್‌ನಲ್ಲಿ ಓಡುವಾಗ, ಅಂದರೆ ಮೆಮೊರಿ ಉಳಿಸಲು ಪ್ರತಿ ಸಂಖ್ಯೆಗೂ ಕಡಿಮೆ ಜಾಗ ಕೊಟ್ಟಾಗ, ಸಂಖ್ಯೆಗಳು ಮಿತಿ ಮೀರಿದರೆ ಹೀಗಾಗುತ್ತದೆ. 32 ಬಿಟ್‌ಗೆ ಬದಲಾಯಿಸಿದೆ. ಚಿತ್ರ ಬಂತು, ಆದರೆ ಈಗ ಮೆಮೊರಿ ಸಾಲದು ಅಂತ ಆಗಾಗ ನಿಂತುಬಿಡುತ್ತದೆ. ಚಿತ್ರದ ಅಳತೆಯನ್ನು 512 ಪಿಕ್ಸೆಲ್‌ಗೆ ಇಳಿಸಿದರೆ ನಿಲ್ಲುವುದಿಲ್ಲ ನಿಜ, ಆದರೆ ಈ ಮಾಡೆಲ್ ಕಲಿತಿರೋದು 1024ರ ಅಳತೆಯಲ್ಲಿ ಅಲ್ವಾ, ಹಾಗಾಗಿ ತಲೆ ಅರ್ಧಕ್ಕೇ ಕತ್ತರಿಸಿದಂತೆ ಬರುತ್ತದೆ, ಮುಖವೂ ಕಲಸಿಹೋಗುತ್ತದೆ. ಅದು ದಾರಿಯಲ್ಲ.

16 ಬಿಟ್‌ಗೆ ಹೊಂದುವಂತೆ ತಿದ್ದಿದ ವಿಎಇ ಫೈಲ್ ಸಿಗುತ್ತದೆ, ಅದನ್ನು ಯಾರಾದರೂ ಬಳಸಿದ್ದೀರಾ? ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತಾ? ಅಥವಾ ಚಿತ್ರವನ್ನು ತುಂಡುತುಂಡಾಗಿ ಬಿಡಿಸುವ ಟೈಲ್ಡ್ ವಿಎಇ ವಾಸಿನಾ, ತುಂಡುಗಳು ಸೇರುವ ಕಡೆ ಗೆರೆ ಉಳಿಯುತ್ತಾ ಅನ್ನೋದೇ ನನ್ನ ಚಿಂತೆ, ಯಾಕಂದ್ರೆ ನಾನು ಮಾಡುವುದು ಜಾಸ್ತಿ ಆಕಾಶ, ನೀರು ಇರುವ ಚಿತ್ರಗಳು, ಅಲ್ಲಿ ಸಣ್ಣ ಗೆರೆಯೂ ಎದ್ದು ಕಾಣುತ್ತದೆ.

ಬೆರಳು ಜಾಸ್ತಿ ಬರುವ ಕಾಟವೂ ಇದೆ, ಅದನ್ನು ಇನ್‌ಪೇಂಟ್ ಮಾಡಿ, ಅಂದರೆ ಆ ಜಾಗವನ್ನಷ್ಟೇ ಮತ್ತೆ ಬಿಡಿಸಿ, ಸರಿ ಮಾಡಿಕೊಳ್ಳುತ್ತೇನೆ. ಡ್ರೈವರ್ ಅಪ್‌ಡೇಟ್ ಆಗಿದೆ, ಅದು ಬಿಟ್ಟು ಬೇರೆ ಹೇಳಿ. 8 ಜಿಬಿ ಕಾರ್ಡಿನಲ್ಲಿ ಓಡಿಸುತ್ತಿರುವವರು ನಿಮ್ಮ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಹಾಕಿದರೆ ತುಂಬಾ ಉಪಕಾರ.