ಮಗಳು ಕ್ರೀಂ ಬಿಡುತ್ತಿಲ್ಲ, ಬಿಟ್ಟರೆ ಮುಖ ಉರಿಯುತ್ತದೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ದಾವಣಗೆರೆಯಿಂದ ಒಬ್ಬ ತಾಯಿ

ಮಗಳು ಪ್ರಥಮ ಪಿಯುಸಿ. ಇನ್‌ಸ್ಟಾಗ್ರಾಂನಲ್ಲಿ ಯಾರೋ ಮಾರುವ ‘ನೈಟ್ ಕ್ರೀಂ’ ತರಿಸಿಕೊಂಡು ಬೇಸಿಗೆ ರಜೆಯಿಂದ ಹಚ್ಚುತ್ತಿದ್ದಾಳೆ. ಸಣ್ಣ ಬಿಳಿ ಡಬ್ಬಿ, ತಯಾರಿಸಿದವರ ಹೆಸರೂ ಇಲ್ಲ. ಕೆಲವೇ ದಿನಗಳಲ್ಲಿ ಮುಖ ಬೆಳ್ಳಗಾಯಿತು, ಮನೆಮಂದಿಯೆಲ್ಲ ಹೊಗಳಿದರು. ಈಗ ಒಂದು ರಾತ್ರಿ ತಪ್ಪಿದರೂ ಕೆನ್ನೆ ಕೆಂಪೇರಿ ಉರಿಯುತ್ತದೆ, ಗದ್ದದ ಸುತ್ತ ಮೊಡವೆ. ಕಿತ್ತುಕೊಂಡರೆ ಕಾಲೇಜಿಗೇ ಹೋಗುವುದಿಲ್ಲ ಎನ್ನುತ್ತಾಳೆ. ಫಿಲ್ಟರ್ ಇಲ್ಲದೆ ಒಂದು ಫೋಟೊ ತೆಗೆಯಲೂ ಬಿಡುವುದಿಲ್ಲ. ಬೈದರೆ ಅಳುತ್ತಾಳೆ, ಸುಮ್ಮನಿದ್ದರೆ ನನಗೆ ಭಯ. ಇದನ್ನು ಕಂಡವರು ಏನು ಮಾಡಿದಿರಿ?

ಶಿವಮೊಗ್ಗ, ಔಷಧ ಅಂಗಡಿ ನಡೆಸುವವರು

ಅಮ್ಮ, ಡಬ್ಬಿಯನ್ನು ಎಸೆಯಬೇಡಿ. ಅದನ್ನೇ ಚೀಲದಲ್ಲಿಟ್ಟುಕೊಂಡು ಈ ವಾರವೇ ಚರ್ಮರೋಗ ತಜ್ಞರ ಬಳಿ ಹೋಗಿ. ಬ್ಯೂಟಿ ಪಾರ್ಲರ್ ಬೇಡ, ನನ್ನಂಥ ಅಂಗಡಿಯವನೂ ಬೇಡ. ಹೆಸರಿಲ್ಲದ ಕ್ರೀಮಿನಲ್ಲಿ ಏನಿದೆ ಎಂದು ಇಲ್ಲಿ ಕೂತು ಹೇಳಲು ಬರುವುದಿಲ್ಲ, ಆದರೆ ನೀವು ಬರೆದದ್ದನ್ನು ಓದಿದರೆ ಸ್ಟೀರಾಯ್ಡ್ ಇರಬಹುದೆಂಬ ಸಂಶಯ ಬರುತ್ತದೆ.

ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಇವೆಲ್ಲ ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗೆ ವೈದ್ಯರು ಕೆಲವು ದಿನದ ಮಟ್ಟಿಗೆ ಬರೆಯುವ ಮುಲಾಮುಗಳು. ಹಚ್ಚಿದರೆ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಊತ ಇಳಿಯುತ್ತದೆ, ಬಣ್ಣವೂ ತಿಳಿಯಾಗುತ್ತದೆ. ಮೊದಲ ದಿನಗಳ ಹೊಗಳಿಕೆಯೆಲ್ಲ ಇದರ ಕೊಡುಗೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನಾಳಗಳು ಕೆಂಪು ಗೆರೆಗಳಾಗಿ ಕಾಣುತ್ತವೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಕೆನ್ನೆಯಲ್ಲಿ ಕೂದಲೂ ಬರುತ್ತದೆ. ನಿಲ್ಲಿಸಿದೊಡನೆ ಕುಗ್ಗಿದ್ದ ನಾಳಗಳು ಹಿಗ್ಗಿ ಮುಖ ಉರಿಯುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಹಾಗಾಗಿ ಮಕ್ಕಳಿಗೆ ಕ್ರೀಂ ಔಷಧಿಯಂತೆ, ಅದನ್ನು ಬಿಡುವುದೇ ಕಾಯಿಲೆಯಂತೆ ಕಾಣುತ್ತದೆ. ನಿಮ್ಮ ಮಗಳ ಹಟದಲ್ಲಿ ಅರ್ಧ ಈ ಉರಿಯದ್ದೇ ಎಂದು ತಿಳಿಯಿರಿ, ಬೈಗುಳ ತಾನಾಗಿ ಕಡಿಮೆಯಾಗುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿ ಇಲ್ಲದೆ ಮಾರಬಾರದೆಂದು ಮಾಡಿತು. ಆದರೂ ಟ್ಯೂಬಿನ ಹೆಸರು ಹೇಳಿಕೊಂಡು ಬರುವ ಹುಡುಗರು ನನ್ನ ಅಂಗಡಿಯ ಮುಂದೆ ಕಡಿಮೆಯಾಗಿಲ್ಲ. ಕೊಡುವುದಿಲ್ಲ ಎಂದರೆ ಪಕ್ಕದ ಬೀದಿಗೆ ಹೋಗುತ್ತಾರೆ. ಈಗ ಬೀದಿಯೂ ಬೇಕಿಲ್ಲ, ಮೊಬೈಲ್ ಸಾಕು.

ಇನ್ನೊಂದು ಸಾಧ್ಯತೆ ಪಾದರಸ. ಅದು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಮೈಯೊಳಗೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಾಗಿ ಬಂದವರ ಬೆನ್ನು ಹತ್ತಿದ ವೈದ್ಯರು ಕೊನೆಗೆ ತಲುಪಿದ್ದು ಬಿಳುಪಿನ ಕ್ರೀಮುಗಳಿಗೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಇಂಥ ಕ್ರೀಮಿನಲ್ಲಿ ತಾನಾಗಿ ಬೆರೆತ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರುವಂತಿಲ್ಲ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಡಬ್ಬಿಗೆ ಯಾವ ನಿಯಮ? ಚಿನ್ನ ಬೆಳ್ಳಿಗೆ ತಾಗಿಸಬೇಡಿ ಎಂದು ಮಾರುವವರು ಎಚ್ಚರಿಸಿದ್ದರಂತೂ ಪಾದರಸದ ಅನುಮಾನ ಹೆಚ್ಚು. ಕಾಲು ಊದಿದೆಯೇ, ಮೂತ್ರದಲ್ಲಿ ನೊರೆ ಹೆಚ್ಚಿದೆಯೇ ಎಂದು ಕೇಳಿ. ಇಲ್ಲವೆಂದರೂ ಮೂತ್ರ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ವಿಚಾರಿಸಿ. ಅವಳ ಟವೆಲ್, ದಿಂಬಿನ ಚೀಲ ಮನೆಯ ಚಿಕ್ಕ ಮಕ್ಕಳಿಗೆ ತಾಗದಿರಲಿ.

ಬೆಂಗಳೂರು, ಭೌತಶಾಸ್ತ್ರ ಉಪನ್ಯಾಸಕಿ

ಮೇಲಿನವರು ಹೇಳಿದ್ದನ್ನು ಮೊದಲು ಮಾಡಿ. ನಾನು ಫೋಟೊ ವಿಷಯಕ್ಕೆ ಬರುತ್ತೇನೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಮೂಗಿಗೆ ಶಸ್ತ್ರಚಿಕಿತ್ಸೆ ಬೇಕೆಂದು ಮನೆಯಲ್ಲಿ ಹಟ ಹಿಡಿದಿದ್ದಳು. ಉಪದೇಶ ಮಾಡಲು ನನಗೆ ಬರುವುದಿಲ್ಲ, ಮಸೂರದ ಪಾಠ ಮಾಡಲು ಬರುತ್ತದೆ. ಕೈಯಳತೆಯಲ್ಲಿ ಹಿಡಿದು ತೆಗೆದ ಸೆಲ್ಫಿ, ಐದು ಅಡಿ ದೂರದಿಂದ ತೆಗೆದ ಫೋಟೊ, ಎರಡನ್ನೂ ಮುಖದ ಅಳತೆ ಒಂದೇ ಆಗುವಂತೆ ಪರದೆಯ ಮೇಲೆ ಪಕ್ಕಪಕ್ಕ ಇಟ್ಟೆ. ಮಾದರಿಯಾಗಿ ನಿಂತವಳು ನಾನೇ. ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಶೇಕಡ 30ರಷ್ಟು ಅಗಲವಾಗಿ ಕಾಣಬಹುದು, ಏಕೆಂದರೆ ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ಅಷ್ಟು ಹತ್ತಿರ. ತರಗತಿ ನಕ್ಕಿತು. ಮೂಗಿನ ಹುಡುಗಿ ನಗಲಿಲ್ಲ, ಸ್ಕೇಲ್ ತಂದು ಪರದೆಯ ಮೇಲೆ ಅಳೆದಳು.

ನಾವು ಬೆಳೆದಾಗಲೂ ಒತ್ತಡ ಇತ್ತು, ಇಲ್ಲವೆನ್ನುವುದಿಲ್ಲ. ಬಿಳುಪಿನ ಕ್ರೀಂ ಎಂದೊಡನೆ ನೆನಪಾಗುವ ಆ ಟ್ಯೂಬ್ ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 1996ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಈ ಊರೇ ಎರಡು ಪಾಲಾಗಿತ್ತು, ಈಜುಡುಗೆಯ ಸುತ್ತನ್ನು ಸೇಶೆಲ್ಸ್‌ಗೆ ಸಾಗಿಸಿದರು. ಬೀದಿಯಲ್ಲಿ ಕೂಗಲು, ವಿರೋಧಿಸಲು ಒಂದು ಜಾಗವಾದರೂ ಇತ್ತು. ಕಪ್ಪು ಮೈಬಣ್ಣದವರನ್ನು ಮದುವೆ, ಉದ್ಯೋಗ ಸಿಗದ ದುಃಖಿಗಳಂತೆ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಹೇಳಿತು. 2020ರಲ್ಲಿ ಆ ಟ್ಯೂಬ್ ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. ಅಷ್ಟರಲ್ಲಿ ಮಕ್ಕಳು ಟಿವಿ ಬಿಟ್ಟಾಗಿತ್ತು. ಈಗ ಅವರಿಗೆ ಬೇಕಿರುವುದು ಕೊರಿಯಾದವರ ಗಾಜಿನಂಥ ಚರ್ಮ, ರಂಧ್ರವೇ ಕಾಣದ ಕೆನ್ನೆ. ಹದಿನಾರರ ಕೆನ್ನೆಯಲ್ಲಿ ರಂಧ್ರ ಕಾಣದಿದ್ದರೆ ಅದು ಕೆನ್ನೆಯೇ ಅಲ್ಲ! ಪಕ್ಕದ ಮನೆಯವಳ ಜೊತೆಗಿನ ಹೋಲಿಕೆಯೇ ಎಷ್ಟೋ ವಾಸಿ ಇತ್ತು. ಅವಳಿಗೂ ಮೊಡವೆ ಬರುತ್ತಿತ್ತು. ಇವರು ಹೋಲಿಸಿಕೊಳ್ಳುವುದು ಫಿಲ್ಟರ್ ಹಾಕಿದ ತಮ್ಮದೇ ಮುಖದ ಜೊತೆ.

ಮೊಬೈಲ್ ಕಿತ್ತುಕೊಳ್ಳಬೇಡಿ. ಒಂದು ಸಂಜೆ ಅವಳಿಂದಲೇ ನಿಮ್ಮ ಫೋಟೊ ತೆಗೆಸಿ, ಫಿಲ್ಟರ್ ಹಾಕಿಸಿ, ಏನೇನು ಬದಲಾಯಿತು ಎಂದು ತೋರಿಸಲು ಹೇಳಿ. ಅವಳೇ ನಿಮಗೆ ಪಾಠ ಮಾಡಲಿ.

ಹುಬ್ಬಳ್ಳಿ, ಬ್ಯಾಂಕ್ ಉದ್ಯೋಗಿ

ಅಕ್ಕ, ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ‘ಮನೆಮಂದಿಯೆಲ್ಲ ಹೊಗಳಿದರು’ ಎಂದು ಬರೆದಿದ್ದೀರಿ. ನಾನು ಕಪ್ಪು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ‘ಮುಖಲಕ್ಷಣ ಚೆನ್ನಾಗಿದೆ, ಬಣ್ಣ ಸ್ವಲ್ಪ...’ ಎಂದು ನಿಲ್ಲಿಸುತ್ತಿದ್ದರು. ಆ ಹೊರಗಿನವರನ್ನು ಮರೆತಿದ್ದೇನೆ. ಮರೆಯದಿರುವುದು ನನ್ನ ಸೋದರತ್ತೆ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದದ್ದು: ‘ಬಿಸಿಲಲ್ಲಿ ತಿರುಗಿದೆಯೇನೇ?’ ದ್ರೌಪದಿ ಕಪ್ಪು, ಕೃಷ್ಣ ಕಪ್ಪು ಎಂದು ಅಪ್ಪ ಸಮಾಧಾನ ಹೇಳುತ್ತಿದ್ದರು. ಆ ಮಾತು ನನಗೆ ಒಂದು ದಿನವೂ ಕೆಲಸಕ್ಕೆ ಬರಲಿಲ್ಲ. ಬಂದದ್ದು ಅಮ್ಮ ಒಮ್ಮೆ ಅತ್ತೆಯ ಮಾತನ್ನು ಎಲ್ಲರ ಎದುರು ತಡೆದದ್ದು. ‘ಇವಳ ಬಣ್ಣದ ವಿಷಯ ಈ ಮನೆಯಲ್ಲಿ ಇನ್ನು ಬೇಡ’ ಎಂದರು, ಅಷ್ಟೇ. ಗಲಾಟೆಯಾಯಿತು, ಅತ್ತೆ ಎರಡು ಹಬ್ಬಕ್ಕೆ ಬರಲಿಲ್ಲ. ನಾನು ಮಾತ್ರ ಹಾಯಾಗಿ ಹೋಳಿಗೆ ತಿಂದೆ.

ಆಸ್ಪತ್ರೆಗೆ ಮಗಳು ಒಪ್ಪುವ ಮೊದಲು ನೀವು ಮನೆಯ ಬಾಯಿಗಳನ್ನು ಒಪ್ಪಿಸಿ. ಕ್ರೀಂ ಬಿಟ್ಟಾಗ ಮುಖ ಕೆಲವು ಕಾಲ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದಂತೆ. ಆ ದಿನಗಳಲ್ಲಿ ಒಬ್ಬರು ‘ಅಯ್ಯೋ ಏನಾಯಿತೇ’ ಎಂದರೂ ಅವಳು ಡಬ್ಬಿಯನ್ನು ಹುಡುಕುತ್ತಾಳೆ.

ಕಲಬುರಗಿ, ಎಂಜಿನಿಯರಿಂಗ್ ವಿದ್ಯಾರ್ಥಿ

ಗಂಡುಮಕ್ಕಳ ತಾಯಂದಿರೂ ಇದನ್ನು ಓದಲಿ. ನಮ್ಮ ಹಾಸ್ಟೆಲ್‌ನಲ್ಲಿ ಬಿಳುಪಿಗಿಂತ ದವಡೆ, ಗಡ್ಡ, ತೋಳಿನ ಚಿಂತೆ. ಗಡ್ಡ ಬರಲೆಂದು ಮಿನಾಕ್ಸಿಡಿಲ್ ಹಚ್ಚುವವರಿದ್ದಾರೆ. ಮೊದಲು ರಕ್ತದೊತ್ತಡಕ್ಕೆ ಬಂದ ಔಷಧಿ, ಆಮೇಲೆ ತಲೆಗೂದಲಿಗೆ ಬಂತು. ಕೆಲವರಿಗೆ ಎದೆ ಡವಗುಟ್ಟುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಜಾಗ್ರತೆ, ಹಚ್ಚಿದ ಜಾಗವನ್ನು ಅದು ನೆಕ್ಕಿದರೆ ಸಾಯಬಹುದು. ಜಿಮ್‌ನಲ್ಲಿ ತೋಳು ಬೆಳೆಸುವ ಸೂಜಿಮದ್ದಿನ ಮಾತು ಎತ್ತಿದವರಿಂದ ಎದ್ದು ಬಂದುಬಿಡಿ. ನನ್ನ ತಮ್ಮ ಊಟ ಬಿಟ್ಟು ಕನ್ನಡಿ ಮುಂದೆ ನಿಲ್ಲತೊಡಗಿದಾಗ ನಾನು 14416ಕ್ಕೆ ಕರೆ ಮಾಡಿದೆ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಿದರು. ಅವನನ್ನು ಮಾತಾಡಿಸುವ ಮೊದಲು ನನ್ನನ್ನು ಮಾತಾಡಿಸಿದರು.

ದಾವಣಗೆರೆಯ ತಾಯಿ, ಮತ್ತೆ

ಎಲ್ಲರಿಗೂ ನಮಸ್ಕಾರ. ಹೋಗಿ ಬಂದೆವು. ಸ್ಟೀರಾಯ್ಡ್ ಹಚ್ಚಿ ಹಾಳಾದ ಮುಖದಂತೆಯೇ ಇದೆ ಎಂದರು ಡಾಕ್ಟರ್. ಆ ಕ್ರೀಂ ಪೂರ್ತಿ ಬಂದ್, ಉರಿಗೆ ಬೇರೆ ಮುಲಾಮು, ತೇವ ಉಳಿಸುವ ಸಾದಾ ಕ್ರೀಂ, ಹಗಲು ಸನ್‌ಸ್ಕ್ರೀನ್. ಸರಿಹೋಗಲು ತಿಂಗಳುಗಳೇ ಬೇಕಂತೆ. ಮೂತ್ರ ಪರೀಕ್ಷೆಯಲ್ಲಿ ತೊಂದರೆ ಇಲ್ಲ. ಡಾಕ್ಟರ್ ಬೈಯದೆ ಅವಳನ್ನೇ ಕೂರಿಸಿ ವಿವರಿಸಿದ್ದರಿಂದ ಒಪ್ಪಿದಳು. ಅತ್ತೆಯವರಿಗೆ ನಾನು ಹೇಳಿದೆ. ಮುಖ ಗಂಟಿಕ್ಕಿಕೊಂಡಿದ್ದಾರೆ, ಇರಲಿ.

ಈಗ ಹೊಸ ಚಿಂತೆ. ಮುಂದಿನ ವಾರ ಭಾವನ ಮಗಳ ಮದುವೆ. ಅರಿಶಿನದ ಶಾಸ್ತ್ರದಲ್ಲಿ ಎಲ್ಲರಿಗೂ ಹಚ್ಚುತ್ತಾರೆ, ಅದಕ್ಕೂ ಮೊದಲು ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚಿದರೆ ಕೆಂಪು ಇಳಿಯುತ್ತದೆ ಎನ್ನುತ್ತಿದ್ದಾರೆ ಅತ್ತೆ. ಮನೆಮದ್ದಲ್ಲವೇ, ಪರವಾಗಿಲ್ಲವೇ?

ಶಿವಮೊಗ್ಗ, ಔಷಧ ಅಂಗಡಿ

ನಿಂಬೆರಸ ಬೇಡವೇ ಬೇಡ ಅಮ್ಮ. ತೆಳುವಾದ ಚರ್ಮಕ್ಕೆ ಅದು ಆಮ್ಲ, ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟು ಕಪ್ಪು ಕಲೆ ಕೂರುತ್ತದೆ. ಕಡಲೆಹಿಟ್ಟಿನಿಂದ ಉಜ್ಜುವುದೂ ಸದ್ಯಕ್ಕೆ ಬೇಡ. ಅರಿಶಿನವನ್ನು ಕೈಗೆ, ಪಾದಕ್ಕೆ ಹಚ್ಚಿಸಿಕೊಳ್ಳಲಿ, ಶಾಸ್ತ್ರಕ್ಕೆ ಅಷ್ಟು ಸಾಕು. ಮೇಕಪ್ ಮಾಡಿಸುವುದಿದ್ದರೆ ಯಾವುದನ್ನು ಹಚ್ಚಬಹುದು ಎಂದು ಡಾಕ್ಟರಿಗೆ ಈಗಲೇ ಫೋನ್ ಮಾಡಿ ಕೇಳಿ, ಮದುವೆಯ ಹಿಂದಿನ ದಿನ ಅವರು ಸಿಗುತ್ತಾರೆಂಬ ಭರವಸೆ ಇಲ್ಲ. ಕೇಳಿದ ನೆಂಟರಿಗೆ ‘ಅಲರ್ಜಿ, ಔಷಧಿ ನಡೆಯುತ್ತಿದೆ’ ಎಂದು ನೀವೇ ಹೇಳಿಬಿಡಿ, ಅವಳ ಬಾಯಿಂದ ಹೇಳಿಸಬೇಡಿ.