ಸ್ಟೀರಾಯ್ಡ್ ಕೊಟ್ಟ ಮೇಲೆ ಮೆದುಳಿನ ಗಡ್ಡೆ ಕರಗಿತು, ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ. ಮುಂದೇನು?

ಸಾಗರದ ಮಗಳು:
ಅಪ್ಪನಿಗೆ 64 ವರ್ಷ. ಅಡಿಕೆ ತೋಟದ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಯುಗಾದಿ ಕಳೆದ ಮೇಲೆ ಕೂಡಿಸೋದಕ್ಕೇ ತಡವರಿಸಿದರು. ವಯಸ್ಸಾಯಿತು ಅಂದುಕೊಂಡೆವು. ಎಡಗಾಲು ಎಳೆಯತೊಡಗಿದಾಗ ಎಂಆರ್‌ಐ ಮಾಡಿಸಿದೆವು. ಮೆದುಳಿನ ಒಳಗೆ ಎರಡು ಗಡ್ಡೆ, ಸುತ್ತ ಬಾವು. ಟಿಬಿ ಗಡ್ಡೆಯೂ ಇರಬಹುದು ಅಂದರು, ಬಾವು ಇಳಿಯಲಿ ಅಂತ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟರು. ನಾಲ್ಕೇ ದಿನಕ್ಕೆ ಅಪ್ಪ ಎದ್ದು ಕೂತು ಕಾಫಿ ಕೇಳಿದರು! ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಬಂದೆವು. ಇಲ್ಲಿ ಲಿಂಫೋಮಾ (ಒಂದು ಬಗೆಯ ಬಿಳಿ ರಕ್ತಕಣದ ಕ್ಯಾನ್ಸರ್) ಅನುಮಾನ ಅಂತ ಬಯಾಪ್ಸಿ ಮಾಡಿದರು. ರಿಪೋರ್ಟ್‌ನಲ್ಲಿ ಖಚಿತವಾಗಿ ಏನೂ ಇಲ್ಲ, ಹೊಸ ಸ್ಕ್ಯಾನ್‌ನಲ್ಲಿ ಗಡ್ಡೆಯೂ ಚಿಕ್ಕದಾಗಿದೆ. ಕ್ಯಾನ್ಸರ್ ಅಲ್ಲ, ಊರಿಗೆ ಹೋಗೋಣ ಅಂತಾನೆ ಅಣ್ಣ. ನನಗೆ ಮಾತ್ರ ಸಮಾಧಾನ ಇಲ್ಲ.

ಪೆಥಾಲಜಿ ಲ್ಯಾಬ್‌ನವನು:
ದಯವಿಟ್ಟು ಇಷ್ಟಕ್ಕೇ ಬಿಡಬೇಡಿ. ಮೆದುಳಿನಲ್ಲೇ ಹುಟ್ಟುವ ಲಿಂಫೋಮಾದ ಕೋಶಗಳು ಸ್ಟೀರಾಯ್ಡ್‌ಗೆ ಬೇಗ ಸಾಯುತ್ತವೆ, ಆದರೆ ಪೂರ್ತಿ ಹೋಗುವುದಿಲ್ಲ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಸೂಜಿ ಹಾಕಿ ತೆಗೆದ ಚೂರಿನಲ್ಲಿ ನಮಗೆ ಕಾಣೋದು ಸತ್ತ ಕೋಶ ತಿನ್ನುವ ಕೋಶಗಳು, ಉರಿಯೂತ, ಅಷ್ಟೇ. ಅದಕ್ಕೇ ಈ ಅನುಮಾನ ಇದ್ದು ರೋಗಿ ಸ್ಥಿರವಾಗಿದ್ದರೆ ಬಯಾಪ್ಸಿ ಮುಗಿಯುವವರೆಗೂ ಸ್ಟೀರಾಯ್ಡ್ ತಡೆಹಿಡಿಯುತ್ತಾರೆ. ಬಾವು ಜಾಸ್ತಿಯಾಗಿ ಪ್ರಾಣಕ್ಕೇ ಅಪಾಯ ಇದ್ದರೆ ಕೊಡಲೇಬೇಕು, ಹಾಗಾಗಿ ಊರಿನ ಡಾಕ್ಟರನ್ನು ಬೈಯಬೇಡಿ. ಈಗ ಡಾಕ್ಟರ ಹತ್ತಿರ ಎರಡು ಮಾತು ಕೇಳಿ: ಸ್ಟೀರಾಯ್ಡ್ ನಿಧಾನವಾಗಿ ಇಳಿಸಬಹುದಾ, ಮುಂದಿನ ಎಂಆರ್‌ಐ ಯಾವಾಗ. ಗಡ್ಡೆ ಮತ್ತೆ ಕಂಡ ಕೂಡಲೇ ಇನ್ನೊಮ್ಮೆ ಬಯಾಪ್ಸಿ. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಬೇರೆಯೇ ಅಪಾಯ ಆಗುತ್ತದೆ. ಬಯಾಪ್ಸಿ ಚೂರನ್ನು ಮೇಣದಲ್ಲಿ ಇಟ್ಟಿರುವ ಬ್ಲಾಕ್, ಅದರಿಂದ ಮಾಡಿದ ಗಾಜಿನ ಸ್ಲೈಡ್ ಎರಡನ್ನೂ ಕೇಳಿ ಪಡೆದುಕೊಳ್ಳಿ, ನಿಮ್ಹಾನ್ಸ್‌ನಂಥ ಕಡೆ ಮೆದುಳಿನ ಪೆಥಾಲಜಿಯನ್ನೇ ನೋಡುವವರು ಇದ್ದಾರೆ.

ಅಮ್ಮನ ಜೊತೆ ಇದ್ದವಳು:
ನಮ್ಮಮ್ಮನಿಗೆ ಗೊತ್ತಾಗಿದ್ದು ಕಣ್ಣಿನಿಂದ. ತಿಂಗಳುಗಟ್ಟಲೆ ಕಣ್ಣ ಮುಂದೆ ನೊಣ ಹಾರಿದಂಗೆ ಆಗುತ್ತೆ ಅಂತಿದ್ದರು, ನಾವು ಪೊರೆ ಇರಬೇಕು ಅಂದುಕೊಂಡಿದ್ದೆವು. ಈ ಲಿಂಫೋಮಾ ಕಣ್ಣಿನೊಳಗೂ ಇರಬಹುದಂತೆ. ಅಪ್ಪನ ಕಣ್ಣನ್ನು ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣಿನ ಡಾಕ್ಟರ ಸೂಕ್ಷ್ಮದರ್ಶಕದಲ್ಲಿ) ತೋರಿಸಿ ಅಕ್ಕ. ಬೆನ್ನಿನ ನೀರು ತೆಗೆಯುವುದು ಸುರಕ್ಷಿತ ಅಂತ ಡಾಕ್ಟರ್ ಹೇಳಿದರೆ ಅದರಲ್ಲೂ ಕೋಶ ಸಿಗಬಹುದು. ಎಚ್‌ಐವಿ ಟೆಸ್ಟ್ ಬರೆದರೆ ಗಾಬರಿ ಆಗಬೇಡಿ, ಎಲ್ಲರಿಗೂ ಮಾಡುತ್ತಾರೆ. ಮೈಯಲ್ಲಿ ಬೇರೆಲ್ಲೂ ಇಲ್ಲ ಅಂತ ನೋಡೋಕೆ ಪೆಟ್ ಸ್ಕ್ಯಾನ್ ಕೂಡ ಮಾಡಿದ್ದರು.

ಸಾಗರದ ಮಗಳು:
ಅಪ್ಪನೂ ಎರಡು ತಿಂಗಳಿಂದ ಪೇಪರ್ ಮಂಜು ಮಂಜು ಅಂತಿದ್ದರು! ಯಾರಿಗೂ ಹೇಳಿರಲಿಲ್ಲ. ಗಡ್ಡೆಯನ್ನು ಪೂರ್ತಿ ತೆಗೆಸಿಬಿಡಿ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ, ಅದು ಸರಿನಾ?

ಪೆಥಾಲಜಿ ಲ್ಯಾಬ್‌ನವನು:
ಕಣ್ಣಿನ ವಿಷಯ ನಾಳೆಯೇ ಹೇಳಿ, ಕಣ್ಣಿನ ದ್ರವದಲ್ಲೇ ಕೋಶ ಸಿಕ್ಕಿದರೆ ಮೆದುಳಿಗೆ ಮತ್ತೆ ಸೂಜಿ ಹಾಕೋದು ತಪ್ಪಬಹುದು. ಇನ್ನು ತೆಗೆಸೋದು. ಇದು ಮೆದುಳಿನ ಒಳಗೆ ಹರಡಿಕೊಂಡಿರುತ್ತದೆ, ಹಾಗಾಗಿ ಮುಖ್ಯ ಚಿಕಿತ್ಸೆ ಆಪರೇಷನ್ ಅಲ್ಲ, ಹೆಚ್ಚಿನ ಡೋಸ್‌ನ ಮೆಥೋಟ್ರೆಕ್ಸೇಟ್ ಅನ್ನೋ ಕೀಮೋ ಔಷಧ. ಅದನ್ನು ಶುರು ಮಾಡೋಕೆ ಖಚಿತ ರಿಪೋರ್ಟ್ ಬೇಕು. ಅಣ್ಣನಿಗೂ ಇದನ್ನು ಓದಿಸಿ.

ಸಾಗರದ ಮಗಳು:
ಓದಿಸಿದೆ. ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿದ. ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.